ನಾನೇ ಬರೆದ ಈ ಪತ್ರವನ್ನು ನಾನು ಓದಲಾರೆ

ಮಾನ್ಯ ಪೊಲೀಸ್ ವರಿಷ್ಠಾಧಿಕಾರಿಗಳೇ,

ನಿಮ್ಮ ಠಾಣೆಯವರು ನನ್ನ ತಲೆಯೊಡೆದು ನನ್ನ ಓದನ್ನು ಕಿತ್ತುಕೊಂಡರು. ಆಮೇಲೆ ಓದಲಿಲ್ಲವೆಂದು ಮತ್ತೆ ಹೊಡೆದರು. ಕೊನೆಗೆ, ಏಣಿಯಿಂದ ನಾನೇ ಬಿದ್ದೆನೆಂಬ ಹೇಳಿಕೆಗೆ ನನ್ನಿಂದಲೇ ಸಹಿ ಹಾಕಿಸಿಕೊಂಡರು. ಎಲ್ಲವೂ ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ಸರ್ಕಾರಿ ಕೆಲಸ ನಿಧಾನವೆಂದು ಇನ್ನು ಯಾರಾದರೂ ದೂರಿದರೆ ನನ್ನ ಹತ್ತಿರ ಕಳಿಸಿ.

ನಾನು ಅಂಗಡಿಗಳ ಬೋರ್ಡ್ ಬರೆಯುವವನು. ಆ ದಿನ ಔಷಧಿ ಅಂಗಡಿಯ ಬೋರ್ಡಿಗೆ ಕೆಂಪು ಬಣ್ಣದಲ್ಲಿ ಮೊದಲ ಅಕ್ಷರ ಎಳೆಯುತ್ತಿದ್ದೆ. ಬೀದಿಯ ಆ ತುದಿಯಲ್ಲಿ ಯಾರೋ ಕಲ್ಲು ತೂರಿ ನಿಮ್ಮ ಪೇದೆಯೊಬ್ಬರ ಹಣೆ ಒಡೆದಿದ್ದರಂತೆ. ಗಲಾಟೆ ಕೇಳಿ ಏಣಿಯಿಳಿದು ಬಣ್ಣದ ಡಬ್ಬಿ ಎತ್ತಿಕೊಂಡೆ, ಅಷ್ಟೇ. "ಕೈಯೆಲ್ಲಾ ರಕ್ತ! ಇವನೇ ಕಣ್ರೋ, ಹಿಡ್ಕೊಳ್ಳಿ!" ಎಂದು ಪೇದೆಯೊಬ್ಬ ಕೂಗಿದ. "ಅಯ್ಯೋ, ಪೇಂಟು ಸಾರ್! ಮೂಸಿ ನೋಡಿ!" ಎಂದೆ. ಮೂಸುವ ವ್ಯವಧಾನ ಯಾರಿಗಿತ್ತು? ಭುಜಕ್ಕೆ ಬಿತ್ತು, ಪಕ್ಕೆಗೆ ಬಿತ್ತು. ಕವುಚಿ ಬಿದ್ದಮೇಲೆ ತಲೆಯ ಹಿಂಭಾಗಕ್ಕೆ ಬಿದ್ದ ಏಟಿನ ಸದ್ದು ಈಗಲೂ ಹಲ್ಲಿನೊಳಗೆ ಕೇಳುತ್ತದೆ. ಪೇಂಟಿನ ಮೇಲೆ ನಿಜವಾದ ರಕ್ತ ಹರಿಯಿತು. ಪೇದೆಯ ಮಾತು ಹಾಗಾದರೂ ನಿಜವಾಯಿತು ಬಿಡಿ.

ಠಾಣೆಯಲ್ಲಿ ಕಾಗದ ಕೊಟ್ಟು, ನಡೆದದ್ದನ್ನು ಬರೆ ಎಂದರು. ಬರೆದೆ. ಕೈ ಸಲೀಸಾಗಿ ಓಡಿತು. "ಈಗ ಓದು" ಎಂದರು ಇನ್‌ಸ್ಪೆಕ್ಟರ್. ನೋಡಿದೆ. ನನ್ನದೇ ಕೈಬರಹ, ಆದರೆ ಕಾಗದದ ತುಂಬ ಇರುವೆ ಹರಿದಂತೆ ಗೆರೆಗಳು. ಒಂದಕ್ಷರವೂ ಗುರುತು ಹತ್ತಲಿಲ್ಲ.

"ಓದಕ್ಕಾಗ್ತಿಲ್ಲ ಸಾರ್."

"ನೀನೇ ಬರ್ದಿದ್ದು ನಿಂಗೇ ಓದಕ್ಕಾಗಲ್ವೇನೋ? ಯಾರ ಕಿವಿ ಮೇಲೆ ಹೂವು ಇಡ್ತೀಯ?"

ಕಪಾಳಕ್ಕೆ ಬಿಗಿದರು. ತುಟಿ ಸೀಳಿತು. ಮತ್ತೆ ಓದು ಎಂದರು, ಮತ್ತೆ ಹೊಡೆದರು. ಹಲ್ಲೊಂದು ಕಿತ್ತು ಆ ಕಾಗದದ ಮೇಲೆಯೇ ಬಿತ್ತು. ಅದನ್ನು ಹರಿದೆಸೆದು ಬೇರೊಂದು ಕಾಗದವಿಟ್ಟರು. ಅದೂ ನನಗೆ ಇರುವೆಯೇ. ಜೀವ ಉಳಿದರೆ ಸಾಕೆಂದು ಸಹಿ ಹಾಕಿದೆ. ಅದರಲ್ಲೇನಿತ್ತೆಂದು, ಠಾಣೆಯವರು ಕೊಟ್ಟ ನಕಲನ್ನು ಮಾರನೆಯ ದಿನ ಹೆಂಡತಿ ಓದಿ ಹೇಳಿದಾಗಲೇ ತಿಳಿದದ್ದು.

ಆಸ್ಪತ್ರೆಯ ಡಾಕ್ಟರಮ್ಮ ಬಿಡಿಸಿ ಹೇಳಿದರು: "ಕಣ್ಣಿಗೆ ಕಾಣೋದು ಬರೀ ಗೆರೆ, ಕೊಂಕು ಕಣ್ರೀ. ಅದನ್ನ ಅಕ್ಷರ ಅಂತ ಗುರುತು ಹಿಡಿದು ಮಾತಿಗೆ ದಾಟಿಸೋ ಜಾಗ ಮಿದುಳಿನ ಹಿಂದುಗಡೆ, ಎಡಭಾಗದಲ್ಲಿದೆ. ನಿಮಗೆ ಅಲ್ಲಿಗೇ ಪೆಟ್ಟು ಬಿದ್ದಿದೆ. ಬರೆಯೋ ದಾರಿ ಬೇರೆ, ಅದು ಉಳ್ಕೊಂಡಿದೆ." ಓದು ವಾಪಸ್ ಬರುತ್ತಾ ಎಂದೆ. ಹೇಳಕ್ಕಾಗಲ್ಲ ಎಂದರು.

ಮೊನ್ನೆ ಮಗಳು ಹಾಳೆಯೊಂದನ್ನು ತಂದು, "ಅಪ್ಪಾ, ಏನ್ ಬರ್ದಿದೀನಿ ಹೇಳು" ಎಂದಳು. ಗೆರೆಗಳ ಮೇಲೆ ಬೆರಳೆಳೆದು ಕೈಗೆ ಗುರುತು ಸಿಕ್ಕಮೇಲಷ್ಟೇ ಗೊತ್ತಾಯಿತು, ಅದು ನನ್ನ ಹೆಸರೆಂದು. ಕೈಲಾಗದವನು ಮೈಯೆಲ್ಲ ಪರಚಿಕೊಂಡ ಎನ್ನುವಂತೆ, ಗೋಡೆಗೆ ತಲೆ ಚಚ್ಚಿಕೊಂಡೆ. ಹೆಂಡತಿ ಕೂದಲು ಹಿಡಿದೆಳೆದಳು. "ಅವ್ರು ಹೊಡ್ದಿದ್ದು ಸಾಲ್ದಾ? ಬಾಕಿ ನೀವೇ ಹೊಡ್ಕೋಬೇಕಾ?"

ಗಾಯದ ಮೇಲೆ ಬರೆ ಎಳೆದಂತೆ, ನಾನು ಮೊದಲು ಕೊಟ್ಟಿದ್ದ ದೂರಿಗೆ ನಿಮ್ಮ ಕಚೇರಿಯ ಉತ್ತರ ಬಂತು: ದೂರುದಾರರು ಅಕ್ಷರ ಬಲ್ಲವರಾದ್ದರಿಂದ, ಹೇಳಿಕೆಯನ್ನು ಓದಿಯೇ ಸಹಿ ಮಾಡಿದ್ದಾರೆ. ಆಹಾ, ಎಂಥ ತರ್ಕ! ನನ್ನ ತಲೆಗಾದರೆ ಪೆಟ್ಟು ಬಿದ್ದಿದೆ. ಪೇಂಟನ್ನು ರಕ್ತವೆಂದು ಓದಿದ ನಿಮ್ಮವರ ತಲೆಗೆ ಯಾರು ಹೊಡೆದಿದ್ದರು? ಇನ್ನೊಬ್ಬನ ಮಿದುಳಿನ ಮೇಲೆ ಕೈಮಾಡಲು ಯಾವ ದೊಣ್ಣೆನಾಯಕ ಅಪ್ಪಣೆ ಕೊಟ್ಟ? ಆ ಲಾಠಿ ಒಮ್ಮೆ ನನ್ನ ಕೈಗೆ ಸಿಗಲಿ ಎಂದು ದಿನವೂ ಹಲ್ಲು ಕಡಿಯುತ್ತೇನೆ, ಸುಳ್ಳೇಕೆ ಹೇಳಲಿ. ಸಿಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆ ಹೇಳಿಕೆಯನ್ನು ರದ್ದುಪಡಿಸಿ. ಹೊಡೆದವರ ಮೇಲೆ ಕೇಸು ದಾಖಲಿಸಿ. ಉತ್ತರವನ್ನು ಅಂಚೆಯಲ್ಲಿ ಕಳಿಸಬೇಡಿ. ನನ್ನೆದುರು ಕೂತು ನೀವೇ ಓದಿ ಹೇಳಿ. ಈ ಪತ್ರದ ಮೊದಲ ಸಾಲು ಈಗಾಗಲೇ ನನಗೆ ಇರುವೆಯ ಸಾಲು. ಹೆಂಡತಿ ಪಕ್ಕದಲ್ಲಿ ಕೂತು ಪೂರ್ತಿ ಓದಿ ಹೇಳಿದಳು. ಅದಾದ ಮೇಲೆಯೇ ಸಹಿ ಹಾಕುತ್ತಿದ್ದೇನೆ.

ಇಂತಿ,
ಈ ಸಲ ಓದಿಸಿಕೊಂಡು ಸಹಿ ಹಾಕಿದ
ಬೋರ್ಡ್ ಬರೆಯುವವನು