ಕಪ್ ಹಂಚುವ ಮೊದಲು ಕೇಳಬೇಕಾದ ಪ್ರಶ್ನೆ

ನನ್ನ ಲಹರಿ,

ನೀನು ಕಳಿಸಿದ ಭಾಷಣದ ಕನ್ನಡವನ್ನು ತಿದ್ದಿ ಇಟ್ಟಿದ್ದೇನೆ. ‘ಮಾಸಿಕ ಸ್ರಾವ ನಿರ್ವಹಣಾ ಸಾಧನ’ ಎಂದು ಬರೆದಿದ್ದೆಯಲ್ಲ, ಅದನ್ನು ಹೊಡೆದುಹಾಕಿ ‘ಮುಟ್ಟಿನ ಕಪ್’ ಎಂದು ಮಾಡಿದ್ದೇನೆ. ಭಾನುವಾರ ಜೀಡಿಮೆಟ್ಲಾದಲ್ಲಿ ನಿನ್ನ ಕಂಪನಿಯ ಕಪ್ ಹಂಚಲು ನೀನು ನಿಂತಾಗ ನಿನ್ನೆದುರು ಕೂರುವವರು ಔಷಧಿ ಕಾರ್ಖಾನೆಗಳಲ್ಲಿ ಪ್ಯಾಕಿಂಗ್ ಮಾಡುವ ಯಾದಗಿರಿ, ರಾಯಚೂರು ಕಡೆಯ ಹೆಂಗಸರು. ಮುಟ್ಟನ್ನು ಮುಟ್ಟು ಎಂದರೆ ಅವರು ಯಾರೂ ಮೂರ್ಛೆ ಹೋಗುವುದಿಲ್ಲ. ಉಳಿದಂತೆ ಭಾಷಣ ಚೆನ್ನಾಗಿದೆ. ಆದರೆ ಅದರಲ್ಲಿ ಇಲ್ಲದೇ ಇರುವ ಮಾತನ್ನು ನಾನು ಹೇಗೆ ತಿದ್ದಲಿ? ಇಡೀ ಭಾಷಣದಲ್ಲಿ ಎಲ್ಲಿಯೂ, ಗರ್ಭ ನಿಲ್ಲದಂತೆ ಒಳಗೆ ಹಾಕುವ ಕಾಪರ್-ಟಿಯ ಹೆಸರಿಲ್ಲ.

ನಿನ್ನೆ ಫೋನಿನಲ್ಲಿ ಇದನ್ನೇ ಕೇಳಿದಾಗ ನೀನು ಅಂದೆ: “ಅತ್ಯಾ, ಅದನ್ನೆಲ್ಲಾ ಹೇಳಿದ್ರ ಹೆದರಿ ಒಬ್ಬರೂ ಕಪ್ ತಗೊಳ್ಳಂಗಿಲ್ಲ. ಮೊದಲ ತಗೊಂಡು ರೂಢಿ ಮಾಡ್ಕೊಳ್ಳಲಿ. ಒಮ್ಮೆಗೇ ಅಷ್ಟೆಲ್ಲಾ ಅವ್ರಿಗೆ ತಿಳಿಯಂಗಿಲ್ಲ.” ನಾನು ಫೋನು ಇಟ್ಟುಬಿಟ್ಟೆ. ಸಿಟ್ಟಿನಲ್ಲಿ ಮಾತು ಬೆಳೆಸಿದರೆ ನಿನ್ನಪ್ಪ ಪಕ್ಕದಲ್ಲಿ ಕೂತು “ಅಕ್ಕಂದು ಮತ್ತ ಶುರು ಆತು” ಎಂದು ನಗುತ್ತಾನೆ. ಕಾಗದದ ಎದುರು ಹಾಗೆ ನಗುವುದಕ್ಕೆ ಬರುವುದಿಲ್ಲ.

‘ಅವ್ರಿಗೆ ತಿಳಿಯಂಗಿಲ್ಲ.’ ಈ ಮಾತನ್ನು ನಾನು ಮೊದಲು ಕೇಳಿದ್ದು ನೀನು ಹುಟ್ಟಿದ ದಿನ, ನಿಮ್ಮಮ್ಮನ ಹಾಸಿಗೆಯ ಪಕ್ಕದಲ್ಲಿ. ಆಚೆ ಹಾಸಿಗೆಯಲ್ಲಿ ಬೀದರ್ ಕಡೆಯ ಒಬ್ಬ ಹೆಣ್ಣುಮಗಳಿದ್ದಳು. ಹೆರಿಗೆ ಆಗಿ ಸುಸ್ತಾಗಿದ್ದವಳನ್ನು ಒಳಗೆ ಕರೆದೊಯ್ದು ವಾಪಸು ತಂದು ಮಲಗಿಸಿದರು. “ಏನ್ ಹಾಕಿದ್ರಿ?” ಎಂದು ಅವಳು ಕೇಳಿದಳು. “ಒಳ್ಳೇದಕ್ಕೇ ಹಾಕಿದ್ದು, ಮಲ್ಕೋ” ಎಂದಳು ದಾದಿ. ನಾನು ಎದ್ದು ಹೋಗಿ ಅದೇ ಪ್ರಶ್ನೆ ಕೇಳಿದೆ. “ನೀವು ಪೇಷಂಟಾ? ಅಲ್ಲವಲ್ಲ. ಇಂಥವರಿಗೆ ಹೇಳಿದರೂ ತಿಳಿಯೋದಿಲ್ಲಮ್ಮಾ” ಎಂಬ ಉತ್ತರ ಬಂತು. ಆಮೇಲೆ ಇದೇ ಮಾತನ್ನು ಎಷ್ಟು ಕಚೇರಿಗಳಲ್ಲಿ, ಎಷ್ಟು ಶಿಬಿರಗಳಲ್ಲಿ ಕೇಳಿದ್ದೇನೋ. ಹೇಳಲು ಬಾರದವರೆಲ್ಲ ಕೇಳುವವರಿಗೆ ಬುದ್ಧಿಯಿಲ್ಲ ಎನ್ನುತ್ತಾರೆ. ನಮ್ಮ ಮನೆಯ ಹುಡುಗಿಯ ಬಾಯಲ್ಲಿ ಕೇಳಬೇಕಾದೀತು ಎಂದುಕೊಂಡಿರಲಿಲ್ಲ.

ಈಗ ನಿನಗೆ ಗೊತ್ತಿಲ್ಲದ ಸಂಗತಿ ಹೇಳುತ್ತೇನೆ. ಕೊಂಡಾಪುರದಲ್ಲಿ ನಮ್ಮ ಮನೆಯ ಪಕ್ಕ ಕಟ್ಟಡ ಏಳುತ್ತಿದ್ದಾಗ ಇಟ್ಟಿಗೆ ಹೊರಲು ಬರುತ್ತಿದ್ದ ರೇಣುಕಾ ನೆನಪಿದ್ದಾಳಲ್ಲ, ಶಹಾಪುರದವಳು, ಕುಡಿಯುವ ನೀರಿಗೆ ಬಂದು, ಈ ತೆಲುಗು ನಾಡಿನಲ್ಲಿ ಕನ್ನಡ ಕೇಳಿಸಿ ಜಗಲಿಯ ಮೇಲೇ ಕೂತುಬಿಟ್ಟವಳು. ನೀನು ಮೊದಲ ಕಪ್ ಕೊಟ್ಟದ್ದು ಅವಳಿಗೆ. ಆ ಕಟ್ಟಡದಲ್ಲಿ ಹೆಂಗಸರಿಗೆ ಬಾಗಿಲಿರುವ ಕಕ್ಕಸು ಕೂಡ ಇರಲಿಲ್ಲ. ಬಟ್ಟೆ ಬದಲಿಸಲು ಜಾಗವಿಲ್ಲ, ಪ್ಯಾಡ್ ಎಸೆಯಲು ತಾವಿಲ್ಲ. ಬೆಳಿಗ್ಗೆ ಹಾಕಿಕೊಂಡರೆ ಕೆಲಸ ಮುಗಿಸಿ ಮನೆಗೆ ಹೋಗಿ ತೆಗೆಯಬಹುದು ಎಂದು ನೀನು ಹೇಳಿದಾಗ ಅವಳ ಮುಖ ಅರಳಿದ್ದು ನಿನಗೂ ನೆನಪಿರಬೇಕು. ಕುದಿಸುವುದು, ಮಡಿಸುವುದು, ಹಾಕುವುದು ಎಲ್ಲವನ್ನೂ ತಾಳ್ಮೆಯಿಂದ ತೋರಿಸಿದೆ. ಕೊನೆಗೆ ಕಪ್ಪಿನ ತಳದ ಕಡ್ಡಿ ತೋರಿಸಿ, “ತೆಗೆಯೂ ಮುಂದ ಏನಿಲ್ಲ, ಈ ಬಾಲ ಹಿಡಿದು ಎಳದ್ರಾತು” ಅಂದೆ.

ಕೆಲವು ತಿಂಗಳ ನಂತರ ಒಂದು ಸಂಜೆ ಅವಳು ಕಾಗದದ ಪೊಟ್ಟಣ ಹಿಡಿದು ಬಂದಳು. ಬಿಚ್ಚಿದರೆ ಅದರೊಳಗೆ ತಾಮ್ರದ ತಂತಿ ಸುತ್ತಿದ, ದಾರವಿರುವ, ಅರ್ಧ ಬೆರಳುದ್ದದ ಬಿಳಿಯ ಪ್ಲಾಸ್ಟಿಕ್ ತುಂಡು.

“ಅಮ್ಮಾರ, ಲಹರವ್ವ ಕೊಟ್ಟ ಕಪ್ಪಿಂದು ಏನೋ ಒಂದು ತುಂಡು ಕಿತ್ತು ಬಂದೈತ್ರಿ. ಕಪ್ ಜೋಡಿನೇ ಚಂದಂಗ ಕುದಿಸೀನಿ. ಇದನ್ನ ಎಲ್ಲಿ ಸಿಗಿಸ್ಬೇಕ್ರಿ?”

ಲಹರಿ, ಅದು ಅವಳ ಕಾಪರ್-ಟಿ. ಎರಡನೆಯ ಹೆರಿಗೆಯಾದಾಗ ಹಾಕಿದ್ದು. “ಐದು ವರ್ಷ ಚಿಂತಿ ಇಲ್ಲ, ಹೋಗು” ಎಂದಿದ್ದರಂತೆ. ಅದು ಹೇಗಿರುತ್ತದೆ, ಎಲ್ಲಿರುತ್ತದೆ, ಅದಕ್ಕೊಂದು ದಾರ ಇರುತ್ತದೆ ಎಂದು ಯಾರೂ ತೋರಿಸಿರಲಿಲ್ಲ. ತನ್ನ ಮೈಯೊಳಗೆ ಇದ್ದದ್ದನ್ನು ಅವಳು ನೀನು ಕೊಟ್ಟ ವಸ್ತುವಿನ ಬಿಡಿಭಾಗ ಎಂದುಕೊಂಡಿದ್ದಳು. ನಾನು ವಿವರಿಸಿದಾಗ ಮೊದಲು ನಕ್ಕಳು. ಆಮೇಲೆ ಗೋಡೆಗೆ ಒರಗಿ ಕೂತು, “ಹಂಗಾದ್ರ ಮೂರನೇದು ನಿಂತಿದ್ರ ಏನ್ ಮಾಡ್ಲಿರಿ? ನನ್ನ ಕೆಲಸ ಹೋತ್ರಿ” ಅಂದಳು. ಗಂಡ ಗುರುಶಾಂತ ಆ ರಾತ್ರಿ ಅಂದದ್ದು ಬೇರೆ: “ನೀನ ಯಾರ್ನೂ ಕೇಳ್ದ ತೆಗಿಸ್ಕೊಂಡ್ ಬಂದೀದಿ. ಈಗ ಕಪ್ಪಿನ ಕಥಿ ಹೇಳಾಕತ್ತೀದಿ.”

ಡಾಕ್ಟರ್ ಚಿತ್ರಾ ಅವರ ಬಳಿ ಕರೆದುಕೊಂಡು ಹೋದೆ. ಗುರುಶಾಂತನನ್ನೂ ಎಳೆದುಕೊಂಡೇ ಹೋದೆ. ಪರೀಕ್ಷೆಯಲ್ಲಿ ಗರ್ಭ ಕಾಣಲಿಲ್ಲ. ಆದರೂ ಆ ದಿನವೇ ಖಚಿತವಾಗಿ ಹೇಳಲಾಗದು, ಮತ್ತೊಮ್ಮೆ ಪರೀಕ್ಷೆಗೆ ಬನ್ನಿ ಎಂದರು. ಆ ಎರಡು ಭೇಟಿಗಳ ನಡುವೆ ಅವಳು ಜಗಲಿಗೆ ಬಂದು ದಿನ ಎಣಿಸುತ್ತ ಕೂತು ಹೋಗುತ್ತಿದ್ದುದನ್ನು ನೀನು ನೋಡಿದ್ದರೆ ನಿನ್ನೆಯ ಮಾತು ಆಡುತ್ತಿರಲಿಲ್ಲ. ನಿನಗೆ ಹೇಳುತ್ತೇನೆ ಎಂದಾಗ ಅವಳೇ ತಡೆದಳು: “ಬ್ಯಾಡ್ರಿ, ಒಳ್ಳೇ ಮನಸ್ಸಿಲೆ ಕೊಟ್ಟಾಳ, ನೊಂದ್ಕೋತಾಳ.” ಇವತ್ತು ಬೆಳಿಗ್ಗೆ ಅವಳ ಮನೆಗೆ ಹೋಗಿ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಚಿತ್ರಾ ಅವರು ಕಪ್ ಬಿಟ್ಟುಬಿಡು ಎನ್ನಲಿಲ್ಲ. ಕಪ್ ಬಳಸದವರಲ್ಲೂ ಕಾಪರ್-ಟಿ ಜಾರುವುದುಂಟು, ಕಪ್ ಇದ್ದಾಗ ಸ್ವಲ್ಪ ಹೆಚ್ಚು ಎಂದು ಕೆಲವು ಅಧ್ಯಯನಗಳು ಹೇಳುತ್ತವೆ, ಎಲ್ಲವೂ ಅಲ್ಲ ಎಂದರು. ನಾನೂ ಸಿಕ್ಕಿದ್ದನ್ನೆಲ್ಲ ಓದಿ ನೋಡಿದೆ. ಅವರು ಹೇಳಿದ್ದು ಸರಿ. ಒಳಗೆ ಕೂತ ಕಪ್ ಗಾಳಿಯಾಡದಂತೆ ಬಿಗಿ ಹಿಡಿದಿರುತ್ತದೆ. ಹಾಗೇ ಬಾಲ ಹಿಡಿದು ಜಗ್ಗಿದರೆ ಕಾಪರ್-ಟಿಯೂ ಕೆಳಗೆ ಬರಬಹುದು. ಬೆರಳಿಗೆ ದಾರ ಸಿಕ್ಕರಂತೂ ಕೇಳುವುದೇ ಬೇಡ. ಆದ್ದರಿಂದ ಬೆರಳನ್ನು ಕಪ್ಪಿನ ತಳದವರೆಗೆ ಒಯ್ದು, ತಳ ಹಿಸುಕಿ, ಬಿಗಿ ಬಿಟ್ಟಿತು ಎಂದು ತಿಳಿದ ಮೇಲೆಯೇ ಮೆಲ್ಲಗೆ ತೆಗೆಯಬೇಕು. ಕಾಪರ್-ಟಿ ಹಾಕಿಸಿಕೊಳ್ಳುವಾಗಲೇ ತಾನು ಕಪ್ ಬಳಸುತ್ತೇನೆ ಎಂದು ಡಾಕ್ಟರಿಗೆ ಹೇಳಿದರೆ ದಾರವನ್ನು ಗಿಡ್ಡ ಕತ್ತರಿಸುತ್ತಾರೆ. ಹೊಸದಾಗಿ ಹಾಕಿಸಿಕೊಂಡವರು ಮೊದಲ ಒಂದೆರಡು ಮುಟ್ಟಿಗೆ ಪ್ಯಾಡೋ ಬಟ್ಟೆಯೋ ಬಳಸಿ, ಒಮ್ಮೆ ತೋರಿಸಿಕೊಂಡು, ಆಮೇಲೆ ಕಪ್ ಹಿಡಿಯಬೇಕು. ಪ್ರತಿ ಮುಟ್ಟು ಮುಗಿದ ಮೇಲೆ ಕೈ ತೊಳೆದು ದಾರ ಮುಟ್ಟಿ ನೋಡಬೇಕು. ದಾರ ಉದ್ದವಾಗಿದ್ದರೆ, ಸಿಗದೇ ಹೋದರೆ, ಗಟ್ಟಿಯಾದದ್ದೇನಾದರೂ ಬೆರಳಿಗೆ ತಾಕಿದರೆ ಡಾಕ್ಟರ ಬಳಿ ಹೋಗಬೇಕು. ಹೋಗಿ ನೋಡಿಸುವವರೆಗೆ ನಿರೋಧ್ ಬೇಕೇ ಬೇಕು. ಹೊರಬಂದದ್ದನ್ನು ಮತ್ತೆ ಒಳಗೆ ಹಾಕುವಂತಿಲ್ಲ.

ನೋಡು, ಒಂದು ಪ್ಯಾರಾ ಆಯಿತು. ಚಹಾ ಆರುವಷ್ಟರಲ್ಲಿ ಹೇಳಿ ಮುಗಿಸಬಹುದು. ಚಿತ್ರಾ ಅವರು ಹೇಳಿದಾಗ ರೇಣುಕಾ ಒಂದೇ ಸಲಕ್ಕೆ ತಿಳಿದುಕೊಂಡಳು. ಗುರುಶಾಂತ ನಿರೋಧ್ ಎಂಬಲ್ಲಿ ಕಿಟಕಿ ಕಡೆ ನೋಡುತ್ತಿದ್ದ. “ಏ, ಇದು ನಿನಗ ಹೇಳಾಕತ್ತಾರ” ಎಂದು ಅವಳೇ ಅವನ ಮೊಣಕೈ ತಿವಿದಳು. ಎರಡನೆಯ ಪರೀಕ್ಷೆಯಲ್ಲೂ ಏನೂ ಇಲ್ಲವೆಂದು ಗೊತ್ತಾದ ಮೇಲೆ ಹೊಸ ಕಾಪರ್-ಟಿ ಹಾಕಿಸಿಕೊಂಡಳು. ಹೇಳಿದಷ್ಟು ಕಾದು, ತೋರಿಸಿಕೊಂಡು, ಮತ್ತೆ ಕಪ್ ಹಿಡಿದಳು. ಈಗಲೂ ಎರಡೂ ಇವೆ. ಹೆದರಿ ಬಿಡುತ್ತಾರೆ ಎಂದೆಯಲ್ಲ, ಹೆದರಲು ಇಷ್ಟು ದೊಡ್ಡ ಕಾರಣವಿದ್ದವಳೇ ಬಿಡಲಿಲ್ಲ. ಏನಾಗಬಹುದು ಎಂದು ಗೊತ್ತಿರುವುದರಿಂದಲೇ ಅವಳಿಗೆ ಧೈರ್ಯ.

ಭಾನುವಾರ ಬರುವವರಲ್ಲಿ ಹೆರಿಗೆಯ ಹಾಸಿಗೆಯಿಂದಲೇ ಕಾಪರ್-ಟಿ ಹೊತ್ತು ಬಂದವರು ಇದ್ದೇ ಇರುತ್ತಾರೆ. ತಮಗೆ ಹಾಕಿದ್ದಾರೋ ಇಲ್ಲವೋ ಎಂದು ಗೊತ್ತಿಲ್ಲದವರೂ ಇರಬಹುದು. ಅವರಲ್ಲಿ ಒಬ್ಬಳದು ಜಾರಿ ಕಕ್ಕಸಿನ ಗುಂಡಿಯಲ್ಲಿ ಹೋದರೆ ಅವಳಿಗೆ ಪೊಟ್ಟಣ ಕಟ್ಟಿ ತರಲೂ ಏನೂ ಉಳಿದಿರುವುದಿಲ್ಲ. ಅವಳಿಗೆ ಗೊತ್ತಾಗುವುದು ಹೊಟ್ಟೆ ಬಂದ ಮೇಲೆಯೇ.

ಅದಕ್ಕೇ ನಿನ್ನೆ ಕೋಠಿ ಪೇಟೆಗೆ ಹೋಗಿ ಔಷಧಿ ಅಂಗಡಿಯಲ್ಲಿ ಒಂದು ಕಾಪರ್-ಟಿ ಕೊಂಡು ತಂದೆ. ಅಂಗಡಿಯವನು ನನ್ನ ಬಿಳಿ ಕೂದಲು ನೋಡಿ, ಇದು ಯಾರಿಗೆ ಬೇಕಾಯಿತೋ ಎಂದು ಅನುಮಾನಿಸಿ, “ಕಿಸ್ಕೂ ಹೋನಾ ಅಮ್ಮಾ?” ಎಂದು ಕೇಳಿದ. “ಪೂರೇ ಜೀಡಿಮೆಟ್ಲಾಕೂ” ಅಂದೆ, ಇಡೀ ಜೀಡಿಮೆಟ್ಲಾಕ್ಕೆ ಎಂದು. ಪಾಪ, ತಲೆ ತಗ್ಗಿಸಿ ಬಿಲ್ ಬರೆಯತೊಡಗಿದ.

ಭಾನುವಾರ ನಾನೂ ರೇಣುಕಾನೂ ಬರುತ್ತೇವೆ. ನೀನು ಪೆಟ್ಟಿಗೆ ಬಿಚ್ಚುವ ಮೊದಲು ಅವಳು ಮಾತಾಡುತ್ತಾಳೆ. “ನಿಮ್ಮೊಳಗ ಯಾರ್ಯಾರಿಗೆ ಕಾಪರ್-ಟಿ ಹಾಕ್ಯಾರ?” ಇದು ಅವಳ ಮೊದಲ ಪ್ರಶ್ನೆ. ಗೊತ್ತಿಲ್ಲ ಎಂದವರಿಗೆ ಆ ದಿನ ಕಪ್ ಇಲ್ಲ. ಅವರನ್ನು ಚಿತ್ರಾ ಅವರು ನೋಡಲು ಒಪ್ಪಿದ್ದಾರೆ. ನಾನು ತಂದ ಕಾಪರ್-ಟಿ ಎಲ್ಲರ ಕೈಯಿಂದ ಕೈಗೆ ಹೋಗಲಿ. ನಿನ್ನ ಭಾಷಣದಲ್ಲಿ ಬಾಲ ಹಿಡಿದು ಎಳೆಯಿರಿ ಎಂಬ ಸಾಲನ್ನು ಮಾತ್ರ ನಾನು ಹೊಡೆದುಹಾಕಿಲ್ಲ. ಅದನ್ನು ನೀನೇ ಎಲ್ಲರೆದುರು ಹೇಳಿ ತಿದ್ದಬೇಕು. ನಿನ್ನ ಕಂಪನಿಯವರು ಹಂಚಿದ ಲೆಕ್ಕ ಕಡಿಮೆಯಾಯಿತು ಎಂದರೆ ಅವರನ್ನು ನನ್ನ ಹತ್ತಿರ ಕಳಿಸು.

ನೀನು ಒಳ್ಳೆಯವಳು, ಅದರಲ್ಲಿ ನನಗೆ ಅನುಮಾನವಿಲ್ಲ. ರೇಣುಕಾಗೂ ಇಲ್ಲ. ಆದರೆ ಒಳ್ಳೆಯದನ್ನು ಮಾಡಲು ಹೊರಟವರಿಗೆ ಕೈ ಚಾಚುವವರು ಬೇಗ ಸಿಗುತ್ತಾರೆ, ತಡೆದು ಕೇಳುವವರು ಸಿಗುವುದು ಕಡಿಮೆ. ನೀನು ಎಲ್ಲಿ ನಿಂತು ಮಾತಾಡಿದರೂ ಎದುರಿನಿಂದ ಒಬ್ಬಳಾದರೂ ಎದ್ದು ಪ್ರಶ್ನೆ ಕೇಳಲಿ. ಅವಳಿಗೆ ಉತ್ತರಿಸುವ ಪುರುಸೊತ್ತು ನಿನಗಿರಲಿ. ಇದೇ ನನ್ನ ಆಶೀರ್ವಾದ.

ಭಾನುವಾರ ಮುಂದಿನ ಸಾಲಿನಲ್ಲೇ ಕೂರುವ
ನಿನ್ನ ಅತ್ಯಾ,
ವಿಶಾಲಾಕ್ಷಿ