ಖಾಲಿ ಮಷಿನ್ ತುಳಿದ ಭಾನುವಾರಗಳು

ಮಾರ್ಚ್ 3, ಭಾನುವಾರ

ಮಷಿನ್‌ಗೆ ಎಣ್ಣೆ ಬಿಟ್ಟೆ. ಚರ್ಚ್ ಗೇಟಿಗೆ ಊರ ಪುಂಡರು ಬೀಗ ಜಡಿದ ಮೇಲೆ ಆರಾಧನೆ ನಮ್ಮ ಹೊಲಿಗೆ ಕೋಣೆಯಲ್ಲೇ. ಹಾಡು ಬೀದಿಗೆ ಕೇಳಬಾರದಲ್ಲ, ಬಂದವರು ಹಾಡುವಷ್ಟು ಹೊತ್ತು ನಾನು ಖಾಲಿ ಮಷಿನ್ ತುಳಿಯುತ್ತೇನೆ.

"ನೂಲಿಲ್ದೆ ಹೊಲಿಯೋರು ನೀವೊಬ್ರೇ ಅತ್ತೆ," ಎಂದಳು ಸೊಸೆ. ನಗಲಿ.

ಇವತ್ತು ಎದುರು ಬೀದಿಯ ಇಸ್ತ್ರಿಯವಳು ಬಂದು ಕೂತಳು. ಬೀಗ ಜಡಿದವರಲ್ಲಿ ಇವಳಣ್ಣನೇ ಮುಂದಾಳು. ಬಾಯಿ ಬೆಣ್ಣೆ. ಕಣ್ಣು ಮಾತ್ರ ಕಿಟಕಿಯ ಕಡೆ...

ಮಾರ್ಚ್ 11

ನಿನ್ನೆ ಪ್ರಾರ್ಥನೆ ಮುಗಿಯುವ ಮೊದಲೇ ಎದ್ದು ಹೋದಳು. ಇವತ್ತು ಕಿಟಕಿಗೆ ಕಲ್ಲು. ಗಾಜೆಲ್ಲ ಪುಡಿ. ಹೇಳಿದ್ದೆನಲ್ಲ!

"ಯೇಸುಸ್ವಾಮಿ ಯೂದನನ್ನೂ ಊಟಕ್ಕೆ ಕೂರಿಸ್ಕೊಂಡಿದ್ರು, ಅತ್ತೆ."

"ಕೂರಿಸ್ಕೊಂಡು ಏನಾಯ್ತು ಗೊತ್ತಲ್ಲ?"

ಮಾರ್ಚ್ 24

ಹೋದ ಭಾನುವಾರ ಯಾರೂ ಬರಲಿಲ್ಲ. ಕರ್ತನನ್ನು ಕೇಳಿದೆ — ಇದ್ದೀಯೋ, ನೀನೂ ಕಲ್ಲಿಗೆ ಹೆದರಿ ಓಡಿದೆಯೋ?

ಮಾರ್ಚ್ 31, ಮಧ್ಯಾಹ್ನ

ಇವತ್ತು ಮತ್ತೆ ಎಲ್ಲರೂ ಬಂದರು, ಇಸ್ತ್ರಿಯವಳೂ.

ಎಲ್ಲರೂ ಹಾಡುತ್ತಿದ್ದರು. ಇಸ್ತ್ರಿಯವಳು ಎದ್ದು ಕಿಟಕಿಗೆ ಹೋದಳು. ಸನ್ನೆ ಮಾಡುತ್ತಾಳೆಂದು ಅವಳನ್ನೇ ನೋಡುತ್ತಾ ಕೂತೆ, ಮಷಿನ್ ತುಳಿಯುತ್ತಿದ್ದ ಕಾಲು ನಿಂತೇ ಹೋಯಿತು. ಹಾಡು ಬೆತ್ತಲೆಯಾಗಿ ಬೀದಿಗೆ ಬಿತ್ತು. ಹಿಂದೆಯೇ ಆ ಪುಂಡರು ಬಾಗಿಲು ಬಡಿದರು. ಹಿಡಿದುಕೊಟ್ಟವಳು ನಾನೇ!

ಚಿಲಕ ತೆಗೆದವಳು ಇಸ್ತ್ರಿಯವಳು. ಕಥೆ ಮುಗಿಯಿತು ಎಂದುಕೊಂಡೆ.

"ನಿನ್ನನ್ನ ತಡೆಯೋಕೇ ಕಾಯ್ತಿದ್ದೆ ಅಣ್ಣ, ವಾರವಾರ ಕಿಟಕೀಲಿ. ನಾನೂ ಇವ್ರವಳೇ. ಹೊಡೆಯೋದಾದ್ರೆ ನನ್ನಿಂದ ಶುರುಮಾಡು."

ಅವನ ಕೈ ಮೇಲೆದ್ದಿತು. ಆಗ ನಾವಷ್ಟೇ ಇರಲಿಲ್ಲ ಅಲ್ಲಿ, ಇನ್ನೊಬ್ಬರು ಇದ್ದರು. ಕಣ್ಣಿಗೆ ಕಾಣಲಿಲ್ಲ, ನನ್ನ ಬೆನ್ನಿಗೆ ಗೊತ್ತಾಯಿತು. ತಾಯಿ ಹಿಂದೆ ಬಂದು ನಿಂತ ಹಾಗೆ. ಬಿ.ಪಿ. ಇರಬೇಕೆಂದು ಅನುಮಾನಿಸಿಯೂ ನೋಡಿದೆ. ಅಲ್ಲ. ಬಿ.ಪಿ.ಗೆ ಎದೆ ಹೊಡೆದುಕೊಳ್ಳುತ್ತದೆ. ನನ್ನದು ತಣ್ಣಗಾಗಿತ್ತು.

ಅವನು ಕೈ ಇಳಿಸಿದ. "ಇನ್ನು ಮನೆ ಮೆಟ್ಟಿಲು ಹತ್ಬೇಡ," ಎಂದು ಹೊರಟುಹೋದ.

ಏಪ್ರಿಲ್ 2, ಬೆಳಿಗ್ಗೆ

ಇಸ್ತ್ರಿಯವಳು ನಮ್ಮಲ್ಲೇ ಇದ್ದಾಳೆ. ಗೊರಕೆಯೋ, ದೇವರೇ ಗತಿ.

ಅವಳಣ್ಣ ಬೀದಿಯಾಚೆ ನಿಂತಿದ್ದಾನೆ. ಒಬ್ಬನೇ. ಒಂದು ಕೈ ಬೆನ್ನ ಹಿಂದೆ. ತಂಗಿಯ ಬಟ್ಟೆಗಂಟೋ, ಕಲ್ಲೋ... ಆ ಮುಖ ನಂಬುವವಳಲ್ಲ ನಾನು.

ಈಗ ರಸ್ತೆ ದಾಟುತ್ತಿದ್ದಾನೆ. ಸೊಸೆ ಎದ್ದಳು, ಕೂರಿಸಿದೆ. ಬಾಗಿಲು ನಾನೇ ತೆಗೆಯುತ್ತೇನೆ. ಕರ್ತನೇ, ಬೆನ್ನ ಹಿಂದೆ ನಿಂತಿದ್ದು ಸಾಕು, ಸ್ವಲ್ಪ ಮುಂದೆ ಬಾ —