ಏನೂ ಆಗದ ನನ್ನ ಎಡಗೈಗೆ ನೀವು ಕೊಡಿಸುತ್ತಿರುವ ಚಿಕಿತ್ಸೆಯ ಬಗ್ಗೆ

ಆರೋಗ್ಯ ವಿಮಾ ಕಚೇರಿಯ ರೋಗಸಂಕೇತ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಕೀವಾದದ್ದು ನನ್ನ ಬಲಗೈ ತೋರುಬೆರಳಿಗೆ. ನೀವು ಚಿಕಿತ್ಸೆ ಮಂಜೂರು ಮಾಡಿರುವುದು ಎಡಗೈ ತೋರುಬೆರಳಿಗೆ. ಶಸ್ತ್ರಚಿಕಿತ್ಸೆಯಾಗಿ ನಾಲ್ಕು ವಾರವಾಯಿತು. ಆರು ವಾರದೊಳಗೆ ಬೆರಳನ್ನು ಆಡಿಸಿ ಪಳಗಿಸದಿದ್ದರೆ ಅದು ಕೊಕ್ಕೆಯ ಹಾಗೆ ಮಡಚಿಕೊಂಡೇ ಉಳಿಯುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ನಾನು ಪುಸ್ತಕಗಳಿಗೆ ರಟ್ಟು ಕಟ್ಟುವವನು. ಆ ಬೆರಳಿಲ್ಲದೆ ದಾರ ಎಳೆಯಲಾರೆ. ವಿಷಯ ಇಷ್ಟೇ. ಇಲ್ಲಿಗೇ ನಿಲ್ಲಿಸಿ ತಾವು ನನ್ನ ರೋಗಸಂಕೇತದಲ್ಲಿ ಒಂದೇ ಒಂದು ಅಂಕಿ ತಿದ್ದಿಬಿಟ್ಟರೆ ಮುಂದಿನದನ್ನು ಓದುವ ಶ್ರಮ ಉಳಿಯುತ್ತದೆ.

ಇನ್ನೂ ಓದುತ್ತಿದ್ದೀರಾ? ಹಾಗಾದರೆ ತಿದ್ದಲಿಲ್ಲ ಎಂದಾಯಿತು. ಮೊದಲಿನಿಂದ ಹೇಳುತ್ತೇನೆ. ನಾನು ಹೇಳುತ್ತಿದ್ದೇನೆ, ನನ್ನ ಅಕ್ಕ ಬರೆಯುತ್ತಿದ್ದಾಳೆ. ತಮ್ಮ ಕಚೇರಿಯನ್ನು ಕುರಿತು ನಾನು ಬಳಸಿದ ಎರಡು ಪದಗಳನ್ನು ಬರೆಯಲು ಅವಳು ಒಪ್ಪಲಿಲ್ಲ.

ಒಂದು ದಪ್ಪ ನಿಘಂಟನ್ನು ಹೊಲಿಯುವಾಗ ಸೂಜಿ ಜಾರಿ ಬೆರಳಿಗೆ ಇಳಿಯಿತು. ಇಪ್ಪತ್ತೆರಡು ವರ್ಷಗಳಲ್ಲಿ ಅದೆಷ್ಟು ಸಲ ಚುಚ್ಚಿದೆಯೋ. ಚೀಪಿಕೊಂಡು ಕೆಲಸ ಮುಂದುವರಿಸಿದೆ. ಎರಡನೆಯ ದಿನ ಅಕ್ಕ ನೋಡಿ, "ಏನೋ ಇದು, ಬೆರಳಾ ಬದನೆಕಾಯಾ? ನಡಿ ಆಸ್ಪತ್ರೆಗೆ, ಒಂದು ಮಾತಾಡ್ಬೇಡ" ಎಂದು ಎಳೆದುಕೊಂಡು ಹೋದಳು. ಬೆರಳು ಮಡಚುವ ಹುರಿಗೆ ಒಂದು ಕವಚವಿರುತ್ತದಂತೆ, ಸೂಜಿಯ ಕೊಳೆ ಅದರೊಳಗೇ ಸೇರಿ ಕೀವಾಗಿತ್ತಂತೆ. "ಇನ್ನೊಂದು ದಿನ ಬಿಟ್ಟಿದ್ರೆ ಬೆರಳೇ ಹೋಗ್ತಿತ್ತು ನೋಡಿ" ಎಂದ ಡಾಕ್ಟರು ಆವತ್ತೇ ಕೊಯ್ದು ತೊಳೆದರು. ಅವರಿಗೆ ನಾನು ಋಣಿ.

ಆಮೇಲೆ ತಮ್ಮ ನಮೂನೆ ಬಂತು. ಅದರಲ್ಲಿ ಎರಡು ಹಸ್ತಗಳ ಚಿತ್ರ, ಹಿಂಬದಿಯಿಂದ ಕಂಡಂತೆ. ಉಗುರು ಬಿಡಿಸುವಷ್ಟು ಪುರಸೊತ್ತು ಚಿತ್ರಕಾರನಿಗೆ ಇರಲಿಲ್ಲವೆಂದು ಕಾಣುತ್ತದೆ, ಬರೀ ಗೆರೆ. ಕೆಳಗಿದ್ದ 'ಎಡ', 'ಬಲ' ಎಂಬ ಅಕ್ಷರಗಳು ನಕಲಿನ ನಕಲು ತೆಗೆದೂ ತೆಗೆದೂ ಕಾಗದದ ಅಂಚಿನಾಚೆ ಮಾಯವಾಗಿವೆ. ಈ ಸೋಂಕು ಬರುವುದು ಅಂಗೈ ಕಡೆಗೆ. ಡಾಕ್ಟರು ನನ್ನ ಬಲ ಅಂಗೈಯನ್ನು ಮೇಲ್ಮುಖವಾಗಿ ಮೇಜಿನ ಮೇಲಿಟ್ಟು, ಹೆಬ್ಬೆರಳು ಯಾವ ಕಡೆಗಿದೆ ನೋಡಿ, ಅದಕ್ಕೆ ಹೊಂದುವ ಚಿತ್ರದ ಮೇಲೆ ಗುರುತು ಹಾಕಿದರು. ತಮ್ಮ ಲೆಕ್ಕದಲ್ಲಿ ಅದು ಎಡಗೈಯ ಹಿಂಬದಿ! ಬೇಕಾದರೆ ಈಗಲೇ ಎರಡೂ ಕೈ ಮೇಜಿನ ಮೇಲಿಟ್ಟು, ಒಂದನ್ನು ಮಗುಚಿ ನೋಡಿ. ಪಕ್ಕದಲ್ಲೇ ಡಾಕ್ಟರು 'ಬಲಗೈ ತೋರುಬೆರಳು' ಎಂದು ದುಂಡಗೆ ಬರೆದಿದ್ದರು. ಆದರೆ ತಮ್ಮವರು ಚಿತ್ರ ನೋಡಿ ಸಂಕೇತ ಹಾಕುತ್ತಾರಂತೆ, ಬರಹ ಓದುವುದು ಅವರ ಕೆಲಸವಲ್ಲವಂತೆ. ಸಂಕೇತದ ಕೊನೆಯ ಅಂಕಿ ಒಂದಾದರೆ ಬಲ, ಎರಡಾದರೆ ಎಡ. ನನಗೆ ಎರಡು ಬಿತ್ತು. ಆಸ್ಪತ್ರೆಯ ಬಿಲ್ಲೂ ಎಡಗೈ ಹೆಸರಲ್ಲೇ ಪಾಸಾಯಿತು.

ಬೆರಳಿಗೆ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿ ಮೇಡಂ ಮಂಜೂರಾತಿ ನೋಡಿ ತಲೆ ಚಚ್ಚಿಕೊಂಡರು. "ನಾನೇನ್ ಮಾಡ್ಲಿ ಹೇಳಿ? ಬಲಗೈ ಮುಟ್ಟಿದ್ರೆ ನನ್ನ ಬಿಲ್ಲು ವಾಪಸ್ ಬರುತ್ತೆ. ಎಡಗೈಗೆ ಬೇಕಾದ್ರೆ ಮಾಡಿಸ್ತೀನಿ." ಬಂದ ತಪ್ಪಿಗೆ ಎರಡು ದಿನ ಮಾಡಿಸಿಕೊಂಡೆ. ತಮಗೆ ಸಂತೋಷವಾಗಬಹುದು, ನನ್ನ ಎಡ ತೋರುಬೆರಳು ಪೂರ್ಣ ಗುಣಮುಖವಾಗಿದೆ. ಕೈಯಿಂದ ದುಡ್ಡು ಹಾಕಿ ಬಲಗೈಗೆ ಮಾಡಿಸೋಣವೆಂದರೆ, ತಿಂಗಳಿಂದ ಕೆಲಸವಿಲ್ಲದೆ ಕೂತಿದ್ದೇನೆ. ಮನೆಯಲ್ಲೇ ಎಳೆದಾಡಿದರೆ ಹುರಿ ಹರಿದೀತು ಎಂದು ಡಾಕ್ಟರು ಬೇರೆ ಎಚ್ಚರಿಸಿದ್ದಾರೆ.

ತಿದ್ದುಪಡಿಗೆ ಅರ್ಜಿ ಹಾಕಿಲ್ಲವೇ ಎಂದು ಕೇಳುತ್ತೀರಿ. ಹಾಕಿದ್ದೇನೆ ಸ್ವಾಮಿ, ಡಾಕ್ಟರ ಪತ್ರದೊಂದಿಗೇ! ಮೂರನೇ ಕೌಂಟರಿನಾಕೆ ಅರ್ಜಿಯನ್ನು ಹಿಂದೆ ತಳ್ಳಿದರು. "ಸಹಿ ಹೊಂದ್ತಾ ಇಲ್ಲ ಸಾರ್. ಹಳೇ ಸಹಿ ನೀಟಾಗಿದೆ, ಇದು ಕೋಳಿ ಕೆದಕಿದ ಹಾಗಿದೆ."

"ಮೇಡಂ, ಬಲಗೈಗೆ ಬ್ಯಾಂಡೇಜು. ಎಡಗೈಲಿ ಹಾಕಿದೀನಿ."

"ಬಲಗೈಗೆ ಯಾಕೆ ಬ್ಯಾಂಡೇಜು? ಇಲ್ಲಿ ಎಡಗೈ ಅಂತಿದೆಯಲ್ಲ?"

ಪಕ್ಕದಲ್ಲಿದ್ದ ಅಕ್ಕ ನನ್ನ ಬ್ಯಾಂಡೇಜಿನ ಕೈಯನ್ನು ಹಿಡಿದು ಕೌಂಟರಿನ ಕಿಂಡಿಯೊಳಗೆ ತೂರಿಸಿದಳು. "ನೋಡಮ್ಮ, ಕಣ್ಣು ಬಿಟ್ಟು ನೋಡು!" ಆಕೆ ನೋಡಿದರು, ಪಾಪ, ಮುಖವೂ ಬಾಡಿತು. "ನಂಗೆ ಕಾಣುತ್ತಮ್ಮ. ಕಂಪ್ಯೂಟರಲ್ಲಿ ಹಾಕೋಕೆ ಜಾಗ ಇಲ್ಲ" ಎಂದರು.

ಮಾನ್ಯರೇ, ಎಡಗೈಗೆ ರೋಗ ಎನ್ನುವವರು ತಾವೇ. ಆ ರೋಗದ ಕೈಯಲ್ಲಿ ಯಾಕೆ ಸಹಿ ಹಾಕಿದೆ ಎಂದು ಕೇಳಬೇಕೆಂದು ಅಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ? ಆ ಹೊಂದದ ಸಹಿಗಿಂತ ದೊಡ್ಡ ಸಾಕ್ಷಿ ಯಾವ ಡಾಕ್ಟರು ಕೊಟ್ಟಾರು? ಅದನ್ನೇ ಕಾರಣ ಮಾಡಿ ನನ್ನನ್ನು ವಾಪಸ್ ಕಳಿಸಿದಿರಿ. ಇಷ್ಟು ಹೊತ್ತು ತಮಾಷೆ ಮಾಡಿದೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿದೆ. ಇವತ್ತು ಬೆಳಿಗ್ಗೆ ಸೂಜಿ ಹಿಡಿಯಲು ನೋಡಿದೆ, ಬೆರಳು ಆಡಲಿಲ್ಲ, ಸೂಜಿ ಕೆಳಗೆ ಬಿತ್ತು. ಅಕ್ಕ ನೋಡಿಯೂ ನೋಡದವಳಂತೆ ಎತ್ತಿ ಡಬ್ಬಿಯೊಳಗಿಟ್ಟಳು.

ನನ್ನ ಬೇಡಿಕೆ ಒಂದೇ. ಬರುವ ಸೋಮವಾರದೊಳಗೆ ಸಂಕೇತದ ಕೊನೆಯ ಆ ಎರಡನ್ನು ಒಂದು ಮಾಡಿ. ಆಗದಿದ್ದರೆ ಸೋಮವಾರ ಹತ್ತು ಗಂಟೆಗೆ ತಮ್ಮ ಕೊಠಡಿಗೆ ಬಂದು ಎರಡೂ ಕೈಗಳನ್ನು ತಮ್ಮ ಮೇಜಿನ ಮೇಲಿಡುತ್ತೇನೆ. ಚಿತ್ರ ಬೇಡ, ನಮೂನೆ ಬೇಡ. ತಮ್ಮ ಕೈಯಾರೆ ಒಂದೊಂದೇ ಬೆರಳು ಮಡಚಿ ನೋಡಿ. ನಾನು ಯಾವುದಕ್ಕೆ ಕಿರುಚುತ್ತೇನೋ ಅದು ಬಲಗೈ.

ಇಂತಿ,
ತಮ್ಮ ದಾಖಲೆಯ ಪ್ರಕಾರ ಬಲಗೈ ಗಟ್ಟಿಮುಟ್ಟಾಗಿರುವ,
ಎಡಗೈಯಲ್ಲಿ ಕೆಳಗೆ ಸಹಿ ಹಾಕಿರುವ,
ರಟ್ಟು ಕಟ್ಟುವವನು

(ಸಹಿ ಹೊಂದುವುದಿಲ್ಲ. ದಯವಿಟ್ಟು ಈ ಸಲ ಯಾಕೆ ಎಂದು ಕೇಳಿ.)